ಹೊರಡುವ ಹೊತ್ತಿನ ಸುಳ್ಳು

ನೀಲಕ್ಕ, ಆ ಬೆಳಗ್ಗೆ ರೇಸ್ ಹೊರಡುವ ಹೊತ್ತನ್ನು ನಾನು ನಿಮಗೆ ಬೇಕೆಂದೇ ತಪ್ಪಾಗಿ ಹೇಳಿದೆ. ಒಂದು ಗಂಟೆ ಮೊದಲಿನದನ್ನು ಹೇಳಿದೆ — ನೀವು ಇಷ್ಟಲಿಂಗ ಪೂಜೆಗೆ ಕೂರಬಾರದೆಂದು. ಮರೆವಲ್ಲ, ಅವಸರವಲ್ಲ. ಯೋಚಿಸಿ ಮಾಡಿದ್ದು.

ಗ್ರಾನ್ ಕನೇರಿಯಾ ದ್ವೀಪದಲ್ಲಿ ನಮ್ಮ ಸೈಕಲ್ ರೇಸಿನ ಮೂರನೆಯ ದಿನ ಅದು. ದಿನವೂ ಬೆಟ್ಟ ಹತ್ತಿಳಿದು ಒಂದೂರಿಂದ ಇನ್ನೊಂದೂರಿಗೆ. ಸಾಮಾನು ನಮಗಿಂತ ಮೊದಲೇ ವ್ಯಾನಿನಲ್ಲಿ ಹೋಗುತ್ತಿತ್ತು. ಇಂಗ್ಲೆಂಡಿನಿಂದ ಹೋದ ನಮ್ಮ ಕನ್ನಡದ ಹೆಂಗಸರ ತಂಡಕ್ಕೆ ಸಮಯ ತಿಳಿಸುವ ಹೊಣೆ ನನ್ನದು. ಹೆಣ್ಣಿನ ಮೇಲೆ ಧರ್ಮ ಹೇರಿದ ಕಟ್ಟುಪಾಡುಗಳ ವಿರುದ್ಧ ವೇದಿಕೆಗಳಲ್ಲಿ ಮಾತನಾಡುತ್ತಿದ್ದವಳು ನಾನು. ಶಸ್ತ್ರವೈದ್ಯೆಯಾದ ನೀವು ಬೆಳಗಾದರೆ ಹೋಟೆಲ್ ಕೋಣೆಯ ಮೂಲೆಯಲ್ಲಿ ಅಂಗೈಯಲ್ಲಿ ಲಿಂಗವಿಟ್ಟು ಕೂರುವುದು — ನನಗದು ಸೋಲಿನಂತೆ ಕಾಣುತ್ತಿತ್ತು. ಒಂದು ದಿನ ತಪ್ಪಿದರೆ ಏನೂ ಆಗದೆಂದು ನಿಮಗೇ ತಿಳಿಯಲಿ ಎಂದುಕೊಂಡೆ. ಪೂಜೆಯಾಗದೆ ನೀವು ಉಣ್ಣುವುದಿಲ್ಲವೆಂದು ಗೊತ್ತಿತ್ತು. ಹಸಿವೇ ಗೆಲ್ಲುತ್ತದೆಂದು ನಂಬಿದ್ದೆ.

ಹೊರಡುವ ಜಾಗದಲ್ಲಿ ಸುಮ್ಮನೆ ಕಾಯುವಂತಾದಾಗ, ಮೇಲೆ ಮಂಜು ಕವಿದು ತಡವಾಗಿದೆ ಎಂದೆ. ಅದೂ ಸುಳ್ಳು. ನಿಮ್ಮ ವಿಭೂತಿ, ಪೂಜೆಯ ಬಟ್ಟಲು ಆಗಲೇ ಬೆಟ್ಟದಾಚೆ ಹೋಗಿದ್ದವು. ಬಾಳೆಹಣ್ಣು ಮುಂದೆ ಹಿಡಿದೆ.

“ಒಲ್ಲೆ ಬಿಡವ್ವಾ. ಸಂಜಿಗೆ ಪೂಜಿ ಮುಗಿಸೇ ತಿಂತೀನಿ,” ಎಂದು ನಕ್ಕಿರಿ. “ನಿನ್ನ ಭಾಷಣಾ ಕೇಳೇ ಹೊಟ್ಟಿ ತುಂಬೇತಿ.”

ಆಗಲಾದರೂ — ಆಗಲಾದರೂ ಹೇಳಬಹುದಿತ್ತು. ಬರಿ ಹೊಟ್ಟೆಯಲ್ಲಿ ಆ ಬೆಟ್ಟ ಹತ್ತಬೇಡಿ ಎಂದು ತಡೆಯಬಹುದಿತ್ತು. ತಡೆದರೆ ಕಾರಣ ಹೇಳಬೇಕಿತ್ತು. ಸೈಕಲ್ ಹತ್ತಿದೆ. ಇಳಿಜಾರಿನಲ್ಲಿ ನಾನು ನಿಮ್ಮ ಹಿಂದೆಯೇ ಇದ್ದೆ. ನಿಮ್ಮ ತಲೆ ಒಮ್ಮೆ ವಾಲಿತು. ತಿರುವಿನಲ್ಲಿ ನೀವು ಬ್ರೇಕ್ ಹಿಡಿಯಲೇ ಇಲ್ಲ. ಕಲ್ಲಿನ ಗೋಡೆ, ಮತ್ತೆ ನಿಮ್ಮ ಬಲಗೈ —

ಆ ಕೈ ಮತ್ತೆ ಶಸ್ತ್ರಚಿಕಿತ್ಸೆ ಮಾಡಲಿಲ್ಲ.

ಲೀಡ್ಸಿಗೆ ಮರಳಿ ನಾನೇನು ಮಾಡಿದೆ? ತುಂಬಿದ ಸಭೆಯಲ್ಲಿ ಮೈಕ್ ಹಿಡಿದು, ನಿಮ್ಮ ಹೆಸರೆತ್ತದೆ, ಮೂಢ ಉಪವಾಸಕ್ಕೆ ಒಬ್ಬ ವೈದ್ಯೆಯ ಕೈ ಬಲಿಯಾಯಿತು ಎಂದೆ. ಯಾರೆಂದು ಎಲ್ಲರಿಗೂ ತಿಳಿದಿತ್ತು. ಚಪ್ಪಾಳೆ ತಟ್ಟಿದರು. ಹೆಣ್ಣಿನ ಆಯ್ಕೆಗಾಗಿ ಹೋರಾಡುವ ನಾನು ನಿಮ್ಮ ಆಯ್ಕೆಯನ್ನು ಕದ್ದಿದ್ದೆ. ಕದ್ದು, ತಪ್ಪನ್ನು ನಿಮ್ಮ ತಲೆಗೆ ಕಟ್ಟಿದ್ದೆ. ಇದರ ಹೆಸರು ದಬ್ಬಾಳಿಕೆ — ಬೇರೆಯವರು ಮಾಡಿದಾಗ ನಾನು ಕೂಗಿ ಹೇಳುತ್ತಿದ್ದ ಹೆಸರು.

ಇಷ್ಟು ವರ್ಷ ಹೀಗೇ ಕಳೆದೆ. ಕಳೆದ ವಾರ ನೀವು ಲೀಡ್ಸಿನ ಹೆಡಿಂಗ್ಲೀಯ ನನ್ನ ಮನೆಗೆ ಬಂದಿರಿ. ಎಡಗೈಯಲ್ಲಿ ಚಹಾ ಹಿಡಿದು ಹೇಳಿದಿರಿ: “ನಿನ್ನ ಮಾತ ಖರೇ ಆತು ನೋಡವ್ವಾ. ನನ್ನ ಹಠಾನ ನನ್ನ ಕೈ ತಿಂತು. ಲಿಂಗಾ ತಗದ ಇಟ್ಟೀನಿ.”

ನಿಮ್ಮ ಕೊರಳು ಬರಿದಾಗಿತ್ತು. ನಾನು — ಬಿಸ್ಕತ್ತಿನ ತಟ್ಟೆಯನ್ನು ನಿಮ್ಮತ್ತ ಸರಿಸಿದೆ.

ಅಂದಿನಿಂದ ನನಗೆ ಅನ್ನ ಇಳಿಯುತ್ತಿಲ್ಲ. ಇದನ್ನೂ ನಿಮ್ಮ ಕನಿಕರ ಗಿಟ್ಟಿಸಲು ಬರೆದೆನೇನೋ ಎಂಬ ಅನುಮಾನ. ಬೇಡ, ಕನಿಕರಿಸಬೇಡಿ. ಭಾನುವಾರ ಅದೇ ಜನರ ಮುಂದೆ, ನನ್ನ ಹೆಸರು ಹಿಡಿದು, ಎಲ್ಲವನ್ನೂ ಹೇಳುತ್ತೇನೆ. ಅದಕ್ಕೂ ಮೊದಲು ನಾಳೆ ನಾಟಿಂಗ್‌ಹ್ಯಾಮಿಗೆ, ನಿಮ್ಮ ಮನೆಗೆ ಬರುತ್ತೇನೆ. ಇದನ್ನೋದಿದ ಮೇಲೆ ನೀವು ಬಾಗಿಲು ತೆಗೆಯಲೇಬೇಕೆಂದಿಲ್ಲ, ನೀಲಕ್ಕ. ಹೊರಗೆ ನಿಂತೇ ಹೇಳುತ್ತೇನೆ — ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.