ಅರೆಗೋಡೆಯ ಆಚೆ ನಿಂತ ಬಾಯಮ್ಮ

ಮೊನ್ನೆ ಅಣ್ಣನ ಮಗಳ ಯೂನಿಫಾರ್ಮಿನ ಬಟ್ಟೆಯನ್ನು ಚೀಲದಿಂದ ಹೊರಗೆ ತೆಗೆದಾಗ ಹೊಸ ಬಟ್ಟೆಯ ಗಂಜಿ ವಾಸನೆ ಬಂತು. ಹೊಸ ಬಟ್ಟೆ ಎಂದರೆ ಎಲ್ಲರಿಗೂ ಹಬ್ಬ ನೆನಪಾಗುತ್ತದಂತೆ. ನನಗೆ ನೆನಪಾದದ್ದು ಬಾಯಮ್ಮ. ಜೂನ್ ತಿಂಗಳು ಹತ್ತಿರ ಬಂತೆಂದರೆ ಅವರ ಮನೆಯ ಜಗಲಿಯಲ್ಲಿ ಇದೇ ವಾಸನೆ. ಅದರ ಜೊತೆಗೆ ಹೊಲಿಗೆ ಮೆಷಿನಿನ ಎಣ್ಣೆ, ಒಳಗೆ ಒಲೆಯ ಮೇಲೆ ಕುದಿಯುವ ಮೀನಿನ ಸಾರು... ಊರಿನ ಅರ್ಧ ಮಕ್ಕಳ ಯೂನಿಫಾರ್ಮು ಆ ಜಗಲಿಯಲ್ಲೇ ಹುಟ್ಟುತ್ತಿತ್ತು.

ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎಂದು ಕರೆಯುವುದು ರೂಢಿ. ಮಲಯಾಳದ ರಾಜ್ಯಕ್ಕೆ ಸೇರಿದ, ಗಡಿಯ ಕನ್ನಡದ ಊರು ನಮ್ಮದು. ನೆಕ್ರಾಜೆಯಿಂದ ಒಳಗೆ ಹೋಗುವ ದಾರಿಯಲ್ಲಿ ನಮ್ಮ ಮನೆ, ಬೇಲಿಯ ಆಚೆ ಅವರ ಮನೆ. ಅವರಲ್ಲಿ ಕೊಂಕಣಿ, ನಮ್ಮಲ್ಲಿ ತುಳು, ಬೇಲಿಯ ಹತ್ತಿರ ನಿಂತು ಮಾತಾಡುವಾಗ ಕನ್ನಡ. ಅವರ ತವರು ಇನ್ನೂ ದಕ್ಷಿಣಕ್ಕೆ, ಮಲಯಾಳವೇ ನಡೆಯುವ ನಮ್ಮ ಕಡೆಯ ಹೊಸದುರ್ಗದ ಆಚೆ. ಅಲ್ಲಿ ಮಲಯಾಳದಲ್ಲಿ ಏಳನೆಯವರೆಗೆ ಓದಿದವರು, ಕನ್ನಡ ಕಲಿತದ್ದು ಮದುವೆಯಾಗಿ ಬಂದ ಮೇಲೆ. ಗಂಡ ಮುಂಬಯಿಯ ಒಂದು ಕ್ಯಾಂಟೀನಿನಲ್ಲಿ ಅಡುಗೆಗೆ ಇದ್ದರು. ವರ್ಷಕ್ಕೊಮ್ಮೆ ಬರುತ್ತಿದ್ದರು, ಬಂದರೂ ಇದ್ದದ್ದು ಗೊತ್ತಾಗುತ್ತಿರಲಿಲ್ಲ. ಬಾಯಮ್ಮನ ಬಾಯಿಯ ಮುಂದೆ ಯಾರು ಇದ್ದರೂ ಗೊತ್ತಾಗುತ್ತಿರಲಿಲ್ಲ ಎನ್ನಿ. ಅಳತೆ ತೆಗೆಯುವಾಗ ನಾವು ಸ್ವಲ್ಪ ಅಲುಗಾಡಿದರೆ ಸಾಕು, "ಎಂತ ಮಾರಾಯ್ತಿ, ನಿನ್ನೊಳಗೆ ಕಪ್ಪೆ ಉಂಟಾ?" ಎಂದು ಬೆನ್ನಿಗೆ ಒಂದು ಕೊಡುತ್ತಿದ್ದರು.

ಅವರ ಮಗಳು ನನ್ನದೇ ತರಗತಿ. ಮೂರು ವರ್ಷದ ಮಗುವಾಗಿದ್ದಾಗ ಬಂದ ಜ್ವರದಲ್ಲಿ ಅವಳ ಕಿವಿ ಹೋಗಿತ್ತು. ಯಾವುದೋ ಶಿಬಿರದಲ್ಲಿ ಕೊಟ್ಟ ಕಿವಿಯ ಮೆಷಿನ್ ಸುಮ್ಮನೆ ಕುಂಯ್ ಎನ್ನುತ್ತಿತ್ತು. ಅವಳು ಅದನ್ನು ಪೆನ್ಸಿಲಿನ ಜೊತೆ ಬ್ಯಾಗಿನಲ್ಲಿ ಇಡುತ್ತಿದ್ದಳು. ಆದರೆ ಒಂದನೆಯ ತರಗತಿಯ ನಮ್ಮ ಟೀಚರು ಪುಣ್ಯಾತ್ಗಿತ್ತಿ, ಅವಳ ಕೈಯನ್ನು ತಮ್ಮ ಕುತ್ತಿಗೆಯ ಮೇಲೆ ಇಟ್ಟುಕೊಂಡು, ಮುಖಕ್ಕೆ ಮುಖ ಕೊಟ್ಟು, ಅಕ್ಷರ ಅಕ್ಷರವಾಗಿ ಕನ್ನಡ ಕಲಿಸಿದರು. ನಾಲ್ಕನೆಯ ತರಗತಿಗೆ ಬರುವಾಗ ಅವಳು ಎದುರಿನವರ ತುಟಿ ನೋಡಿ ಪಾಠ ಹಿಡಿಯುತ್ತಿದ್ದಳು. ಮನೆಯಲ್ಲಿ ಎಲ್ಲರೂ ಅವಳೊಡನೆ ಕೈಸನ್ನೆಯಲ್ಲೇ ಮಾತಾಡಿ ಮುಗಿಸುತ್ತಿದ್ದರು. ಹಾಗಾಗಿ ಮಾತು ಎಂದು ಅವಳಿಗೆ ಸಿಕ್ಕಿದ್ದು ಕನ್ನಡ ಒಂದೇ. ಮಗಳೊಡನೆ ಮಾತಾಡಬೇಕೆಂದು ಬಾಯಮ್ಮ ತಾವೂ ತಮ್ಮ ಕನ್ನಡವನ್ನು ತಿದ್ದಿಕೊಂಡರು.

ನಾವು ಏಳನೆಯ ತರಗತಿಗೆ ಬಂದ ವರ್ಷ ಹಳೆಯ ಲೆಕ್ಕದ ಮಾಷ್ಟ್ರು ನಿವೃತ್ತರಾದರು. ಅವರ ಜಾಗಕ್ಕೆ ತಿರುವನಂತಪುರದ ಕಡೆಯ ಒಬ್ಬ ಯುವಕ ಬಂದರು. ಕನ್ನಡ ಮಾಧ್ಯಮದ ಹುದ್ದೆ, ಬಂದವರಿಗೆ ಕನ್ನಡದ ಒಂದಕ್ಷರ ಬಾರದು. ಕಾಗದದಲ್ಲಿ ಎಲ್ಲವೂ ಸರಿಯಾಗಿತ್ತಂತೆ. ಪಾಪ, ಕೆಟ್ಟ ಮನುಷ್ಯ ಅಲ್ಲ. ಮೊದಲ ದಿನವೇ ನಮ್ಮಿಂದ "ಕುಳಿತುಕೊಳ್ಳಿ" ಎನ್ನುವುದನ್ನು ಕಲಿತು, ಆಮೇಲೆ ಎದ್ದು ನಿಲ್ಲಿ ಎನ್ನುವುದಕ್ಕೂ ಅದನ್ನೇ ಹೇಳುತ್ತಿದ್ದರು. ನಮಗೆ ನಗು. ಬಸ್ಸಿನಲ್ಲಿ, ಪೇಟೆಯಲ್ಲಿ ಕೇಳಿದ ಮಲಯಾಳ ನಮಗೆ ಅಲ್ಪಸ್ವಲ್ಪ ಇತ್ತು, ಆದರೆ ಲೆಕ್ಕದ ಮಲಯಾಳ ಇರಲಿಲ್ಲ. ಬಾಯಮ್ಮನ ಮಗಳಿಗೆ ಆ ಅಲ್ಪಸ್ವಲ್ಪವೂ ಇಲ್ಲ. ಅವಳು ಮಾಷ್ಟ್ರ ತುಟಿಯನ್ನೇ ನೋಡುತ್ತಾ ಕೂರುತ್ತಿದ್ದಳು, ಆ ತುಟಿಯಲ್ಲಿ ಅವಳಿಗೆ ಗುರುತಿನ ಒಂದು ಆಕಾರವೂ ಸಿಗುತ್ತಿರಲಿಲ್ಲ. ಸಂಜೆ ಮನೆಗೆ ಹೋಗಿ ಅಳುತ್ತಿದ್ದಳಂತೆ.

ಒಂದು ದಿನ ಅವಳು ಮರೆತ ಬುತ್ತಿಯನ್ನು ಕೊಡಲು ಬಾಯಮ್ಮ ಶಾಲೆಗೆ ಬಂದರು. ನಮ್ಮ ತರಗತಿಗೆ ವೆರಾಂಡದ ಕಡೆ ಎದೆಯೆತ್ತರದ ಅರೆಗೋಡೆ ಮಾತ್ರ. ಬೋರ್ಡಿನ ಪಕ್ಕದಲ್ಲಿ, ಗೋಡೆಯ ಆಚೆ ಅವರು ನಿಂತರು. ಮಗಳು ಅವರ ಮುಖ ನೋಡಿದಳು. ಮಾಷ್ಟ್ರು ಹೇಳಿದ್ದನ್ನು ಬಾಯಮ್ಮ ಸದ್ದಿಲ್ಲದೆ, ತುಟಿಯಲ್ಲಿ ಮಾತ್ರ, ಕನ್ನಡ ಮಾಡಿದರು. ಅವಳು ಬರೆದಳು. ಬಾಯಮ್ಮ ಮರುದಿನವೂ ಬಂದರು, ಅದರ ಮರುದಿನವೂ ಬಂದರು... ನಾವೂ ಮಾಷ್ಟ್ರನ್ನು ಬಿಟ್ಟು ಬಾಯಮ್ಮನ ತುಟಿ ನೋಡತೊಡಗಿದೆವು. ಮಾಷ್ಟ್ರಿಗೆ ಇದು ಗೊತ್ತಾಗದೆ ಇರುತ್ತದೆಯೇ? ಬೈಯುತ್ತಾರೆ ಎಂದುಕೊಂಡೆವು. ಅವರು ಚಾಕ್ ಕೆಳಗಿಟ್ಟು, "ಚೇಚಿ, ಎಲ್ಲರಿಗೂ ಕೇಳುವ ಹಾಗೆ ಹೇಳಿ" ಎಂದು ಮಲಯಾಳದಲ್ಲಿ, ಅಕ್ಕ ಎಂದು ಕರೆದು, ಕೇಳಿಕೊಂಡರು.

ಅಲ್ಲಿಂದ ನಮ್ಮ ಲೆಕ್ಕದ ತರಗತಿಗೆ ಇಬ್ಬರು. ಬಾಯಮ್ಮನಿಗೆ ಲೆಕ್ಕ ಬರುತ್ತಿತ್ತು ಎಂದೇನಲ್ಲ. ಅಂಶ, ಛೇದ ಎಂಬ ಮಾತೇ ಅವರಿಗೆ ತಿಳಿಯದು, "ಮೇಲಿನದ್ದು", "ಕೆಳಗಿನದ್ದು" ಎನ್ನುತ್ತಿದ್ದರು. ಒಮ್ಮೆ ಗುಣಿಸು ಎನ್ನುವಲ್ಲಿ ಭಾಗಿಸು ಎಂದು ಇಡೀ ತರಗತಿಯನ್ನು ದಾರಿ ತಪ್ಪಿಸಿದರು. ಮಾಷ್ಟ್ರು ತಲೆಗೆ ಕೈಯಿಟ್ಟರು, ಎಲ್ಲರೂ ನಕ್ಕೆವು, ಮಗಳು ಅಮ್ಮನ ಮುಖ ನೋಡಿ ಎಲ್ಲರಿಗಿಂತ ಹೆಚ್ಚು ನಕ್ಕಳು. ಶಾಲೆಯಲ್ಲಿ ನಾನು ಸಂತೋಷವಾಗಿ ಲೆಕ್ಕ ಮಾಡಿದ್ದು ಆ ಕೆಲವು ವಾರಗಳಲ್ಲಿ ಮಾತ್ರ.

ಹೊರಗೆ ಹೋರಾಟ ಶುರುವಾಗಿತ್ತು. ಕನ್ನಡ ಬಲ್ಲ ಮಾಷ್ಟ್ರೇ ಬೇಕೆಂದು ರಕ್ಷಕರೆಲ್ಲ, ಎಂದರೆ ಮಕ್ಕಳ ಹೆತ್ತವರೆಲ್ಲ, ಸೇರಿ ಸಮಿತಿ ಮಾಡಿದರು. ರೇಶನ್ ಅಂಗಡಿಯವರು ಅಧ್ಯಕ್ಷರು, ನನ್ನ ಅಪ್ಪನೂ ಅದರಲ್ಲಿ. ಗೇಟಿನ ಎದುರು ಧರಣಿ ಕೂತಾಗ ಮುಂದಿನ ಸಾಲಿನಲ್ಲಿ ಬಾಯಮ್ಮ. ಘೋಷಣೆಗೆ ಅವರ ಗಂಟಲೇ ಆಧಾರ. ಆದರೆ ಧರಣಿ ಮುಗಿಸಿ ಸೀರೆ ಕೊಡವಿಕೊಂಡು ನೇರ ಅರೆಗೋಡೆಯ ಹತ್ತಿರ ಬರುತ್ತಿದ್ದರು. ಇದು ಸಮಿತಿಗೆ ನುಂಗಲಾರದ ತುತ್ತಾಯಿತು. ಮಕ್ಕಳಿಗೆ ಏನೂ ಅರ್ಥವಾಗುತ್ತಿಲ್ಲ ಎಂದು ಶಿಕ್ಷಣ ಇಲಾಖೆಯ ಕಚೇರಿಗೆ ಬರೆದು ಕೊಟ್ಟಿದ್ದಾರೆ, ಇಲ್ಲಿ ನೋಡಿದರೆ ಮಕ್ಕಳು ಲೆಕ್ಕ ಮಾಡುತ್ತಿದ್ದಾರೆ.

ಅಪ್ಪ ಬೇಲಿಯ ಹತ್ತಿರ ಹೋಗಿ ಮೆತ್ತಗೆ ಹೇಳಿ ನೋಡಿದರು. "ಬಾಯಮ್ಮ, ನೀವು ಹೀಗೆ ಹೇಳಿ ಕೊಟ್ರೆ ನಮ್ಮ ದೂರು ಸುಳ್ಳಾಗ್ತದಲ್ಲ?"

"ಕನ್ನಡದ ಮಾಷ್ಟ್ರು ಬರ್ಲಿ ಅಣ್ಣ, ನಾನು ಆ ಕಡೆ ತಲೆ ಹಾಕಿ ಮಲಗುದಿಲ್ಲ. ಬರುವವರೆಗೆ ಅವಳು ಎಂತ ಮಾಡುದು?"

ಕೊನೆಗೆ ಒಂದು ರಾಜಿಯಾಯಿತು. ದೂರಿನ ವಿಚಾರಣೆಗೆ ಕಚೇರಿಯಿಂದ ಅಧಿಕಾರಿ ಬರುವುದಿತ್ತು. ಆ ಒಂದು ದಿನ ಬಾಯಮ್ಮ ಬಾಯಿ ತೆರೆಯಬಾರದು. ಅವರು ಒಪ್ಪಿದರು. ಅಧ್ಯಕ್ಷರು ನಮ್ಮನ್ನೆಲ್ಲ ಮರದಡಿಯಲ್ಲಿ ಸೇರಿಸಿ, ಏನು ಕೇಳಿದರೂ ಅರ್ಥ ಆಗುವುದಿಲ್ಲ ಎಂದು ತಲೆ ತಗ್ಗಿಸಿ ಕೂರಬೇಕೆಂದು ಪಾಠ ಮಾಡಿದರು. ಅವರು ಹೇಳಿದ್ದು ಗೇಟಿನ ಕಡೆ ನೋಡುತ್ತಾ, ಯಾರಾದರೂ ಬರುತ್ತಾರೋ ಎಂಬ ಗಡಿಬಿಡಿಯಲ್ಲಿ. ಬಾಯಮ್ಮನ ಮಗಳಿಗೆ ಅವರ ಬೆನ್ನು ಮಾತ್ರ ಕಂಡಿತ್ತು. ಅವಳಿಗೆ ಅವಳಮ್ಮನೇ ಹೇಳುತ್ತಾರೆಂದು ಎಲ್ಲರೂ ತಿಳಿದರು.

ಅಧಿಕಾರಿ ಬಂದ ದಿನ ರಕ್ಷಕರೆಲ್ಲ ವೆರಾಂಡದಲ್ಲಿ ಸಾಲಾಗಿ ನಿಂತಿದ್ದರು. ಅಧಿಕಾರಿ ಬೋರ್ಡಿನಲ್ಲಿ ಎರಡು ಭಿನ್ನರಾಶಿ ಬರೆದು, ಇವುಗಳಲ್ಲಿ ದೊಡ್ಡದು ಯಾವುದು, ಹೇಗೆ ಎಂದು ಮಲಯಾಳದಲ್ಲಿ ಕೇಳಿದರು. ನಾವು ತಲೆ ತಗ್ಗಿಸಿದೆವು. ನಮ್ಮ ಮಾಷ್ಟ್ರ ಮುಖ ಕೆಂಪಾಗಿತ್ತು. ನನಗೆ ಉತ್ತರ ಗೊತ್ತಿತ್ತು, ನನ್ನ ಪಕ್ಕದವಳಿಗೂ ಗೊತ್ತಿತ್ತು. ತಗ್ಗಿಸದೆ ಇದ್ದದ್ದು ಒಂದೇ ತಲೆ. ಅವಳು ಅಧಿಕಾರಿಯ ತುಟಿ ನೋಡಿದಳು, ಏನೂ ಸಿಗಲಿಲ್ಲ. ನಮ್ಮನ್ನೆಲ್ಲ ನೋಡಿದಳು. ಆಮೇಲೆ, ದಿನವೂ ಮಾಡುವ ಹಾಗೆ, ಅರೆಗೋಡೆಯ ಕಡೆ ತಿರುಗಿದಳು.

ಬಾಯಮ್ಮ ತುಟಿಯನ್ನು ಬಿಗಿಯಾಗಿ ಕಚ್ಚಿ ಹಿಡಿದಿದ್ದರು. ನಾನು ಓರೆಗಣ್ಣಿನಲ್ಲಿ ನೋಡುತ್ತಲೇ ಇದ್ದೆ. ಮಗಳು ಹುಬ್ಬೇರಿಸಿ ಇನ್ನೊಮ್ಮೆ ಕೇಳಿದಳು. ಅತ್ತ ದರಿ ಇತ್ತ ಪುಲಿ ಎನ್ನುತ್ತೇವಲ್ಲ, ಆ ಮುಖವನ್ನು ನಾನು ಕಂಡದ್ದು ಅಂದು. ಹೇಳಬೇಡಿ ಬಾಯಮ್ಮ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಹೇಳಿಬಿಡಿ ಎಂದೂ ಅಂದುಕೊಂಡೆ... ಬಾಯಮ್ಮನ ತುಟಿ ಅಲುಗಿತು. ಸದ್ದಿಲ್ಲ. ದೊಡ್ಡದು ಯಾವುದು? ಹೇಗೆ?

ಅವಳು ಎದ್ದು ಹೋಗಿ ಬೋರ್ಡಿನಲ್ಲಿ ಲೆಕ್ಕ ಮಾಡಿದಳು. ಮುತ್ತಿನಂಥ ಅಕ್ಷರ, ಸರಿಯಾದ ಉತ್ತರ. ಮುಗಿಸಿ ತಿರುಗಿ ನಿಂತು ನಕ್ಕಳು. ಯಾರೂ ಚಪ್ಪಾಳೆ ತಟ್ಟಲಿಲ್ಲ, ತಟ್ಟಿದ್ದರೂ ಅವಳಿಗೆ ಕೇಳುತ್ತಿರಲಿಲ್ಲ. ಮಗುವಿಗೆ ಕಿವಿ ಕೇಳುವುದಿಲ್ಲ ಎಂದು ಹೆಡ್‌ಮಾಸ್ಟರು ಪಿಸುಗುಟ್ಟಿದರು. ಅಧಿಕಾರಿ ಆಶ್ಚರ್ಯದಿಂದ ಅವಳ ಬೆನ್ನು ತಟ್ಟಿ, ವೆರಾಂಡದ ಕಡೆ ತಿರುಗಿ ಕೇಳಿದರು. ಕಿವಿ ಕೇಳದ ಮಗುವಿಗೇ ಪಾಠ ಅರ್ಥವಾಗಿದೆ, ಕೇಳುವ ಮಕ್ಕಳಿಗೆ ಏನು ತೊಂದರೆ?

ಅಲ್ಲಿಗೆ ನಮ್ಮ ದೂರು ಮುಗಿಯಿತು. ಜೀಪು ಗೇಟು ದಾಟಿತೋ ಇಲ್ಲವೋ, ಅಧ್ಯಕ್ಷರು ಬಾಯಮ್ಮನ ಎದುರು ನಿಂತರು. "ಇಷ್ಟು ದಿನ ಬಿಸಿಲಲ್ಲಿ ಕೂತದ್ದು ಎಂತಕ್ಕೆ? ನಿಮಗೆ ಒಂದು ಗಳಿಗೆ ಬಾಯಿ ಮುಚ್ಚಿ ನಿಲ್ಲಿಕ್ಕೆ ಆಗ್ಲಿಲ್ವಾ?"

"ಅವಳು ನನ್ನತ್ರ ಕೇಳಿದ್ಲು" ಎಂದರು ಬಾಯಮ್ಮ. ಅಷ್ಟು ಜೋರಿನ ಹೆಂಗಸು ಅಲ್ಲಿ ಅಷ್ಟೇ ಹೇಳಿದ್ದು.

ಮಗಳಿಗೆ ಮೊದಲೇ ಯಾಕೆ ತಿಳಿಸಿಡಲಿಲ್ಲ ಎಂದು ನನ್ನ ಅಮ್ಮ ಸಂಜೆ ಕೇಳಿದರಂತೆ. "ಹೇಗೆ ಹೇಳುದು? ಒಂದೊಂದು ಮಾತು ಅರ್ಥ ಮಾಡ್ಕೊಳ್ಳಿಕ್ಕೆ ಆ ಮಗು ಎಷ್ಟು ಕಷ್ಟಪಟ್ಟಿದೆ ಅಂತ ನಿಮಗೆ ಗೊತ್ತುಂಟಲ್ಲ. ಈಗ ಅರ್ಥ ಆದದ್ದನ್ನು ಆಗ್ಲಿಲ್ಲ ಅಂತ ಹೇಳು ಅಂತ ನಾನೇ ಹೇಳುದಾ?" ಎಂದು ಅತ್ತರಂತೆ.

ಮುಂದಿನ ವಾರ ಹೆಡ್‌ಮಾಸ್ಟರು ಬಾಯಮ್ಮನನ್ನು ಕರೆಸಿದರು. ಹೆಡ್‌ಮಾಸ್ಟರದು ಬೀಸುವ ದೊಣ್ಣೆ ತಪ್ಪಿದರೆ ಸಾಕು ಎನ್ನುವ ಸ್ವಭಾವ. ಮಕ್ಕಳಿಗೆ ಪಾಠ ಅರ್ಥವಾಗುತ್ತದೆ ಎಂದು ಮೇಲಿನವರೇ ಬರೆದ ಮೇಲೆ ತರಗತಿಯ ಹತ್ತಿರ ಹೊರಗಿನವರು ನಿಲ್ಲುವುದು ಸರಿಯಲ್ಲವಂತೆ. ಬಾಯಮ್ಮ ಬೇಡಿಕೊಂಡರು, ಜಗಳ ಮಾಡಿದರು, ಗೇಟಿನ ಹೊರಗೆ ನಿಂತು ನೋಡಿದರು. ಗೇಟಿನಿಂದ ತುಟಿ ಕಾಣುತ್ತದೆಯೇ? ಸಮಿತಿಯ ಒಬ್ಬರಾದರೂ ಅವರ ಪರ ಮಾತಾಡಬಹುದಿತ್ತು, ಮಾತಾಡಲಿಲ್ಲ. ಅವರಿಂದಲೇ ಎಲ್ಲ ಕೆಟ್ಟಿತು ಎಂದು ಅಪ್ಪ ಊಟಕ್ಕೆ ಕೂತಾಗಲೂ ಹೇಳುತ್ತಿದ್ದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ, ಇಲ್ಲಿ ಕೂಸು ಬಡವಾದದ್ದನ್ನು ಯಾರೂ ನೋಡಲೂ ಇಲ್ಲ.

ಅವಳು ಕೆಲವು ದಿನ ಅರೆಗೋಡೆಯ ಕಡೆಗೇ ಮುಖ ಮಾಡಿ ಕೂತಳು. ಮಾಷ್ಟ್ರು ಬೋರ್ಡಿನಲ್ಲಿ ಹೆಚ್ಚು ಬರೆದರು, ಕೈಸನ್ನೆ ಮಾಡಿದರು, ಪಾಪ, ಅವರಿಂದಾದದ್ದು ಅಷ್ಟು. ಆಮೇಲೆ ಅವಳು ಯಾರ ಮುಖವನ್ನೂ ನೋಡದಾದಳು. ನಡುವೆ ಯಾರೋ ಹೇಳಿದರೆಂದು ದೂರದ ಒಂದು ವಿಶೇಷ ಶಾಲೆಗೆ ಸೇರಿಸಿದರು. ಅಲ್ಲಿಯೂ ಎಲ್ಲ ಮಲಯಾಳ, ಒಂದು ತಿಂಗಳಲ್ಲಿ ವಾಪಸು. ಎಂಟನೆಯ ತರಗತಿಗೆ ಬಂದಳೋ ಇಲ್ಲವೋ ಎಂದು ನೆನಪಿಲ್ಲ... ಬ್ಯಾಗು ಹಿಡಿದು ಬಂದಿರಬಹುದು. ಮತ್ತೆ ಕಂಡದ್ದು ಜಗಲಿಯಲ್ಲಿ, ಅಮ್ಮನ ಪಕ್ಕ ಕೂತು ಗುಂಡಿ ಹೊಲಿಯುವಾಗ.

ಬಾಯಮ್ಮ ತೀರಿಹೋಗಿ ಎರಡು ವರ್ಷವಾಯಿತು. ಮಣ್ಣು ಮಾಡುವ ದಿನ ಇಗರ್ಜಿಯ ಅಂಗಳದಲ್ಲಿ ಅವರ ಮಗಳನ್ನು ಕಂಡೆ. ಎದುರು ನಿಂತು, ತುಟಿ ಚೆನ್ನಾಗಿ ಕಾಣುವ ಹಾಗೆ, ನಿನ್ನ ಅಮ್ಮ ನಮಗೆಲ್ಲ ಲೆಕ್ಕ ಹೇಳಿ ಕೊಟ್ಟಿದ್ದರಲ್ಲ ಎಂದು ಕನ್ನಡದಲ್ಲಿ ನಿಧಾನವಾಗಿ ಹೇಳಿದೆ. ಅವಳು ನನ್ನ ತುಟಿಯನ್ನು ನೋಡದೆ, ಸನ್ನೆಗಾಗಿ ಕೈಗಳನ್ನು ನೋಡುತ್ತಿದ್ದಳು. ಅವು ಸುಮ್ಮನಿದ್ದವು. ಅಪರಿಚಿತರಿಗೆ ನಗುವ ಹಾಗೆ ನಕ್ಕು, ಪಕ್ಕದಲ್ಲಿದ್ದ ತನ್ನ ಚಿಕ್ಕಮ್ಮನನ್ನು ತೋರಿಸಿದಳು. ಏನಿದ್ದರೂ ಅವರಿಗೆ ಹೇಳಬೇಕು ಎಂದು. ನಾನು ಮನೆಗೆ ಬಂದು ಬಹಳ ಅತ್ತೆ.

ಅಣ್ಣ ದುಬಾಯಿಯಲ್ಲಿ, ಅತ್ತಿಗೆ ಆಸ್ಪತ್ರೆಯ ಡ್ಯೂಟಿಯಲ್ಲಿ. ಹಾಗಾಗಿ ಅವರ ಮಗಳ ಶಾಲೆಯ ಸಭೆಗಳಿಗೆ ನಾನು ಹೋಗುವುದು. ಅದೇ ಶಾಲೆ. ಈ ವರ್ಷ ಅವಳ ವಿಜ್ಞಾನಕ್ಕೆ ಬಂದ ಟೀಚರಿಗೆ ಕನ್ನಡ ಬಾರದು. ಮತ್ತೆ ಸಮಿತಿ, ಮತ್ತೆ ಧರಣಿ, ಮತ್ತೆ ದೂರು. ಕನ್ನಡ ಮಾಧ್ಯಮದಲ್ಲಿ ಉಳಿದ ಮಕ್ಕಳು ಎರಡು ಬೆಂಚಿನಲ್ಲಿ ಹಿಡಿಯುತ್ತಾರೆ, ಉಳಿದವರೆಲ್ಲ ಇಂಗ್ಲಿಷಿಗೆ ಹೋದರು. ಸಭೆಯಲ್ಲಿ ನಾನು ಬಾಯಮ್ಮನ ಕಥೆ ಹೇಳಿದೆ. ಈಗಿನ ಅಧ್ಯಕ್ಷ ನನಗಿಂತ ಚಿಕ್ಕವನು, ತಿಳುವಳಿಕೆ ಇರುವವನು. ಕೊನೆಗೆ ಅವನೆಂದ, "ಅದಕ್ಕೇ ಅಕ್ಕ, ಈ ಸಲ ಮಕ್ಕಳಿಗೆ ಒಬ್ಬೊಬ್ಬರಿಗೇ ಸರಿಯಾಗಿ ಹೇಳಿ ಇಡ್ಬೇಕು. ಒಂದು ಮಗುವೂ ಬಿಟ್ಟು ಹೋಗ್ಬಾರ್ದು."

ನಾಳೆ ಅಧಿಕಾರಿಗಳು ಬರುತ್ತಾರೆ. ಇಂದು ಸಂಜೆ ಅಣ್ಣನ ಮಗಳನ್ನು ಹತ್ತಿರ ಕೂರಿಸಿಕೊಂಡು, ಏನು ಕೇಳಿದರೂ ತಲೆ ತಗ್ಗಿಸಿ ಕೂರಬೇಕು ಎಂದೆ.

"ನನಗೆ ಗೊತ್ತಿರುವುದನ್ನೇ ಕೇಳಿದ್ರೆ, ಮಾಮಿ?"

"ಆದ್ರೂ ಗೊತ್ತಿಲ್ಲ ಅಂತ ಹೇಳು."

ಅವಳು ನನ್ನ ಮುಖವನ್ನೇ ನೋಡಿ, ಆಯ್ತು ಎಂದಳು. ಬಾಯಮ್ಮನಿಂದ ಆಗದ ಕೆಲಸ ನನ್ನಿಂದ ಆಯಿತು.