ಕೊಳ ತೊಳೆದ ಸೊಸೆ

ಹೋಟೆಲಿನ ಲಾಂಡ್ರಿಯಲ್ಲಿ ಅವಳಿಗಿದ್ದ ಹೆಸರು ಕಲೆಗಣ್ಣಿ. ಹಾಡು, ಚಿತ್ರ ಅಂತಾರಲ್ಲ, ಆ ಕಲೆಯಲ್ಲ. ಬಟ್ಟೆಗೆ ಹತ್ತುವ ಕಲೆ. ಉಳಿದವರು ಹಾಸಿಗೆಯ ಬಿಳಿ ಹೊದಿಕೆಯನ್ನು ದೀಪಕ್ಕೆ ಹಿಡಿದು ತಡಕಾಡುತ್ತಿದ್ದರೆ ಇವಳು ಇಸ್ತ್ರಿ ಮೇಜಿನ ಆಚೆಯಿಂದಲೇ, "ಅಲ್ಲಿ, ಎಡಗಡೆ ಮೂಲೆಯಲ್ಲಿ ಕಾಫಿ" ಎಂದುಬಿಡುತ್ತಿದ್ದಳು. ಯಾವ ಕಲೆಗೆ ಯಾವ ಪುಡಿ, ಎಷ್ಟು ಬಿಸಿ, ಎಷ್ಟು ತಿಕ್ಕಬೇಕು, ಎಲ್ಲಾ ಅವಳಿಗೆ ಬಾಯಿಪಾಠ.

ಈ ಗುಣ ಅವಳಿಗೆ ಸುಮ್ಮನೆ ಬಂದದ್ದಲ್ಲ. ಚಿಕ್ಕಂದಿನಲ್ಲೇ ತಾಯಿ ಹೋಗಿ, ದೊಡ್ಡಮ್ಮನ ಮನೆಯಲ್ಲಿ ಬೆಳೆದವಳು. ಅಲ್ಲಿ ಯಾರೂ ಹೊಡೆಯಲಿಲ್ಲ, ಬಡಿಯಲಿಲ್ಲ. ಆದರೆ ಮುದ್ದು ಮಾಡಿದವರೂ ಇಲ್ಲ. ಪಾತ್ರೆ ಫಳಫಳ ಹೊಳೆದ ದಿನ ಮಾತ್ರ ದೊಡ್ಡಮ್ಮ, "ಪರವಾಗಿಲ್ಲ ಕಣೇ ನೀನು" ಅನ್ನುತ್ತಿದ್ದಳು. ಹಾಗಾಗಿ ಯಾರ ಮೇಲಾದರೂ ಪ್ರೀತಿ ಉಕ್ಕಿದರೆ ಅವಳ ಕೈ ತಾನಾಗಿ ಒರೆಸುವ ಬಟ್ಟೆಯನ್ನು ಹುಡುಕುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಗಂಡನ ಉಪಕರಣದ ಪೆಟ್ಟಿಗೆಯನ್ನೇ ತೊಳೆದಿಟ್ಟಿದ್ದಳು. ಲಿಫ್ಟ್ ರಿಪೇರಿ ಮಾಡುವ ಆತ ಎಣ್ಣೆ ಹೋದ ಸ್ಪ್ಯಾನರುಗಳನ್ನು ನೋಡಿ ಅಳಬೇಕೋ ನಗಬೇಕೋ ತಿಳಿಯದೆ ಕೂತಿದ್ದ.

ಆ ಮನೆಯಲ್ಲಿ ಅವಳನ್ನು ಕೆಲಸಕ್ಕಾಗಿ ಅಲ್ಲದೆ ಸುಮ್ಮನೆ ಇಷ್ಟಪಟ್ಟವರು ಮಾವ. ಜೀವಮಾನವಿಡೀ ಬಸ್ಸು ಓಡಿಸಿ ನಿವೃತ್ತರಾದವರು, ಹೆಂಡತಿ ತೀರಿಕೊಂಡು ಬಹಳ ವರ್ಷ. "ಕೂತ್ಕೊಳಮ್ಮ ಒಂದ್ ಗಳಿಗೆ, ಮನೆ ಎಲ್ಲೂ ಓಡಿಹೋಗಲ್ಲ" ಎಂದು ಅವಳನ್ನು ಕರೆದು ಹಿತ್ತಲಿನ ಕೊಳದ ಪಕ್ಕ ಮಣೆ ಹಾಕಿ ಕೂರಿಸಿಕೊಳ್ಳುತ್ತಿದ್ದರು.

ಕೊಳ ಅವರೇ ಅಗೆದು ಸಿಮೆಂಟು ಬಳಿದದ್ದು. ಬಟ್ಟೆ ಒಣಹಾಕುವ ತಂತಿಗೂ ಕಾಂಪೌಂಡಿಗೂ ನಡುವೆ, ಒಂದು ಮಂಚದಷ್ಟು ಅಗಲ. ಮೂಲೆಯಲ್ಲಿ ಒಂದು ಪುಟ್ಟ ಪಂಪು, ಅದಕ್ಕೆ ಸ್ಪಂಜು ತುಂಬಿದ ಡಬ್ಬಿ. ನೀರು ಮಾತ್ರ ಸೋಸದ ಕಷಾಯದ ಬಣ್ಣ. ಅದರಲ್ಲಿ ಮೂರು ಮೀನು. ಮಾವ ಹಲ್ಲಿನ ಸೆಟ್ಟು ಕಟ್ಟಿಸಲು ಹೋದಾಗ ಆ ವೈದ್ಯರು ಕ್ಲಿನಿಕ್ ಮುಚ್ಚುವ ತಯಾರಿಯಲ್ಲಿದ್ದರಂತೆ. ಕಾಯುವ ಕೋಣೆಯಲ್ಲಿದ್ದ ಮೀನಿನ ಗಾಜುತೊಟ್ಟಿ ಯಾರಿಗೂ ಬೇಡವಾಗಿತ್ತು. ಹೊಸ ಹಲ್ಲಿನ ಜೊತೆಗೆ ಮೀನೂ ಮನೆಗೆ ಬಂದವು. ಎದೆಯ ಮೇಲೆ ಕೋಟು ಹಾಕಿದಂತೆ ಬಿಳಿ ಪಟ್ಟೆಯಿದ್ದದ್ದು ಡಾಕ್ಟರು. ಸದಾ ಅದರ ಹಿಂದೆ ತಿರುಗುತ್ತಿದ್ದ ಕರಿಬಾಲದ್ದು ಕಾಂಪೌಂಡರು. ಮೂರನೆಯದು ಹುಟ್ಟಿನಿಂದಲೋ ಏನೋ ಒಂದು ಪಕ್ಕಕ್ಕೆ ವಾಲಿಕೊಂಡು, ಸೊಂಟ ಹಿಡಿದವರ ಹಾಗೆ ಈಜುತ್ತಿತ್ತು. ಅದು ಪೇಷಂಟು.

ಮಾವನ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಆಗಬೇಕು, ಆಮೇಲೆ ಹೊತ್ತುಹೊತ್ತಿಗೆ ಔಷಧಿ ಹನಿಸಬೇಕು ಎಂದು ಅವರನ್ನು ಕಣ್ಣಾಸ್ಪತ್ರೆಯ ಹತ್ತಿರವೇ ಇದ್ದ ಮಗಳ ಮನೆಗೆ ಕರೆದುಕೊಂಡು ಹೋದರು. ಹೊರಡುವಾಗ ಸೊಸೆಗೆ ಹೇಳಿದ್ದು ಇಷ್ಟೆ: "ದಿನಾ ಒಂದು ಚಿಟಿಕೆ ಕಾಳು ಹಾಕು. ಬೇರೇನೂ ಮಾಡಬೇಡ ತಾಯಿ."

ಅವಳು ತಲೆಯಾಡಿಸಿದಳು. ಆದರೆ ಕೈ ಸುಮ್ಮನಿರಬೇಕಲ್ಲ. ದಿನಾ ಕಾಳು ಹಾಕುವಾಗಲೂ ಆ ಕಂದು ನೀರು ಕಣ್ಣಿಗೆ ಚುಚ್ಚುತ್ತಿತ್ತು. ಮಾವ ಹೊಸ ಕಣ್ಣಿನಲ್ಲಿ ಬಂದು ಮೊದಲು ನೋಡುವುದು ಈ ಕೊಳವನ್ನೇ. ಪಾಪ, ತಮ್ಮ ಮೀನುಗಳನ್ನು ಅವರು ಒಮ್ಮೆಯಾದರೂ ಪೂರ್ತಿ ಕಂಡಿದ್ದಾರೋ ಇಲ್ಲವೋ. ನೀರು ಗಾಜಿನಂತಿದ್ದರೆ ಅವರ ಮುಖ ಹೇಗೆ ಅರಳೀತು!

ರಜೆಯ ದಿನ ಸೀರೆ ಎತ್ತಿ ಕಟ್ಟಿ ಇಳಿದೇಬಿಟ್ಟಳು. ಮೀನುಗಳನ್ನು ಬಕೆಟ್ಟಿಗೆ ಹಾಕಿ ನೀರನ್ನೆಲ್ಲ ಎತ್ತಿ ಚೆಲ್ಲಿದಳು. ಗೋಡೆಯ ಪಾಚಿಯನ್ನು ಲಾಂಡ್ರಿಯಿಂದ ತಂದ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿದಳು. ಕಲ್ಲುಗಳನ್ನು ಒಂದೊಂದಾಗಿ ತಿಕ್ಕಿದಳು. ಡಬ್ಬಿಯ ಸ್ಪಂಜು ಲೋಳೆಲೋಳೆಯಾಗಿ ಅಸಹ್ಯವಾಗಿತ್ತು. ಅದನ್ನೂ ಪುಡಿಯಲ್ಲಿ ನೆನೆಸಿ, ಹೊಸದರಂತೆ ಹಳದಿಯಾಗುವವರೆಗೆ ಹಿಂಡಿದಳು. ಎಲ್ಲವನ್ನೂ ಮತ್ತೆ ಮತ್ತೆ ಜಾಲಿಸಿ, ನಲ್ಲಿಗೆ ಪೈಪು ಸಿಕ್ಕಿಸಿ ಕೊಳ ತುಂಬಿ, ಮೀನುಗಳನ್ನು ಬಿಟ್ಟಳು. ತಳದ ಸಿಮೆಂಟಿನಲ್ಲಿ ಮಾವನ ಬೆರಳಚ್ಚು ಕೂಡ ಕಾಣುತ್ತಿತ್ತು. ಸಂಜೆ ಕೆಲಸದಿಂದ ಬಂದ ಗಂಡನನ್ನು ಕೈಹಿಡಿದು ಎಳೆದುಕೊಂಡು ಹೋಗಿ ತೋರಿಸಿದಳು.

ಬೆಳಗ್ಗೆ ಎದ್ದು ನೋಡಿದರೆ ಪೇಷಂಟು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಡಾಕ್ಟರು ನೀರಿನ ಮೇಲೆ ಬಾಯಿ ಇಟ್ಟು ಗಾಳಿಗಾಗಿ ತವಕಿಸುತ್ತಿತ್ತು. ಏನು ಮಾಡಬೇಕೆಂದು ತೋಚದೆ ಕೊಳದ ಸುತ್ತ ಓಡಾಡಿದಳು, ಇನ್ನಷ್ಟು ನೀರು ಬಿಟ್ಟಳು. ಅದೂ ನಲ್ಲಿಯ ನೀರೇ. ಮಧ್ಯಾಹ್ನದ ಹೊತ್ತಿಗೆ ಮೂರೂ ಹೋಗಿದ್ದವು.

ಕಾಂಪೌಂಡಿನ ಬುಡದಲ್ಲಿ ಮಣ್ಣು ಮಾಡಿ, ಕೈ ತೊಳೆದು, ಮತ್ತೆ ತೊಳೆದು, ಅಲಂಕಾರದ ಮೀನು ಮಾರುವ ಅಂಗಡಿಗೆ ಹೋದಳು. ಅಂಗಡಿಯಾಕೆ ಅವಳದೇ ವಯಸ್ಸಿನ ಹೆಂಗಸು, ಮಾತಿನಲ್ಲಿ ಸ್ವಲ್ಪ ಒರಟು. ನಡೆದದ್ದನ್ನು ಕೇಳಿ ತಲೆ ಚಚ್ಚಿಕೊಂಡಳು.

"ಸ್ಪಂಜಿನ ಆ ಲೋಳೆ ಇತ್ತಲ್ಲ, ಮೀನಿನ ಗಲೀಜನ್ನ ಅರಗಿಸೋ ಜೀವಾಣು ಇರೋದೇ ಅದರಲ್ಲಿ. ನೀವು ಅದನ್ನೇ ತೊಳೆದು ಹಾಕಿದ್ರಿ. ಜೊತೆಗೆ ನಲ್ಲಿ ನೀರು, ಅದರ ತುಂಬ ಕ್ಲೋರಿನ್ನು. ಪಾಪದವು, ಹೇಗೆ ಬದುಕ್ತವೆ?"

"ನೀರು ಅಷ್ಟು ಚೆನ್ನಾಗಿ ಕಾಣ್ತಿತ್ತು..." ಎಂದಳು ಇವಳು.

"ಕಾಣೋದು ನಿಮಗೆ. ಅದರಲ್ಲಿ ಉಸಿರಾಡಬೇಕಾದ್ದು ಅವು."

ಅದೇ ಥರದ ಮೂರು ಮೀನು ಬೇಕು ಅಂದದ್ದಕ್ಕೆ ಅಂಗಡಿಯಾಕೆ, "ಈಗಲೇ ಬೇಡ, ಜೀವಾಣು ಮತ್ತೆ ಹುಟ್ಟಿ ನೀರು ಪಳಗಲಿ" ಎಂದಳು. ಆದರೆ ಮಾವ ಮರುದಿನವೇ ಬರುವವರಿದ್ದರು. ಹಟ ಹಿಡಿದು ತಂದಳು, ಕ್ಲೋರಿನ್ ಮುರಿಯುವ ಔಷಧಿಯನ್ನೂ ತಂದಳು. ಬಿಳಿ ಪಟ್ಟೆಯದು ಸಿಕ್ಕಿತು, ಕರಿಬಾಲದ್ದೂ ಸಿಕ್ಕಿತು. ವಾಲಿಕೊಂಡು ಈಜುವ ಮೀನನ್ನು ಯಾವ ಅಂಗಡಿಯವರು ಇಟ್ಟುಕೊಂಡಿರುತ್ತಾರೆ? ಅದರ ಬದಲಿಗೆ ನೆಟ್ಟಗೆ ಈಜುವುದನ್ನೇ ತಂದಳು.

"ಅಪ್ಪನಿಗೆ ಏನೂ ಹೇಳಬೇಡ" ಎಂದ ಗಂಡ. "ಇಷ್ಟು ದಿನ ಮಂಜುಮಂಜಾಗಿ ನೋಡಿದಾರೆ. ವ್ಯತ್ಯಾಸ ಗೊತ್ತಾಗಲ್ಲ, ಸುಮ್ನೆ ಯಾಕೆ ನೋವು?" ಹೇಳಬೇಕು ಅಂತ ಅವಳಿಗಿತ್ತು. ಹೇಳದಿರಲು ಒಬ್ಬರು ಅಪ್ಪಣೆ ಕೊಟ್ಟದ್ದು ಹಾಯೆನಿಸಿತು ಎಂಬುದೂ ನಿಜ.

ಮಾವ ಬಂದವರು ಚೀಲವನ್ನೂ ಇಳಿಸದೆ ಹಿತ್ತಲಿಗೆ ನಡೆದರು. ಕಪ್ಪು ಕನ್ನಡಕ ತೆಗೆದು ಬಗ್ಗಿ ನೋಡಿದರು.

"ಡಾಕ್ಟರ ಪಟ್ಟೆ ಇಷ್ಟು ಸಣ್ಣದಾ? ಕೋಟಿನಷ್ಟಗಲ ಇದ್ದ ಹಾಗೆ ನೆನಪು." ಮತ್ತೆ ನೋಡಿದರು. "ಅರೆ, ಪೇಷಂಟು ನೆಟ್ಟಗಾಗಿದೆ! ವಾಸಿಯಾಯ್ತಾ ಇದಕ್ಕೆ?"

ಬಾಗಿಲಲ್ಲಿ ನಿಂತಿದ್ದ ಗಂಡ ನಕ್ಕ. "ಅದು ಮೊದಲಿಂದ ನೆಟ್ಟಗೇ ಇತ್ತಪ್ಪ. ನಿಮ್ಮ ಕಣ್ಣು ಸೊಟ್ಟ ತೋರಿಸ್ತಿತ್ತು."

ಮಾವ ಸೊಸೆಯ ಮುಖ ನೋಡಿದರು. ಅವಳು, "ಇರಬೇಕು ಮಾವ" ಎಂದಳು.

ಅವರೂ ನಕ್ಕರು. "ಎಂಥ ಕುರುಡನಾಗಿದ್ದೆ ನಾನು!" ಆ ನಗು ಅವಳ ಎದೆಗೆ ಮುಳ್ಳಿನ ಹಾಗೆ ನಾಟಿತು.

ಅಲ್ಲಿಗೆ ಮುಗಿಯಲಿಲ್ಲ. ಕೆಲವೇ ದಿನಗಳಲ್ಲಿ ಗಾಜಿನಂತಿದ್ದ ನೀರು ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಯಿತು. ಹೊಸ ಮೀನುಗಳು ಮಂಕಾಗಿ ಮೂಲೆ ಸೇರಿದವು. ಅದಕ್ಕಿಂತ ಹೆಚ್ಚಾಗಿ ಮಂಕಾದವರು ಮಾವ. ಮೊದಲೆಲ್ಲ ದಾರಿಯ ಪ್ರತಿ ತಿರುವನ್ನೂ ನೆನಪಿಟ್ಟು ಬಸ್ಸಿನ ಕತೆ ಹೇಳುತ್ತಿದ್ದವರು ಈಗ ಅರ್ಧದಲ್ಲಿ ನಿಲ್ಲಿಸಿ, "ಹಾಗೇ ಇತ್ತೋ, ನನಗೆ ಹಾಗನ್ನಿಸಿದ್ದೋ" ಎನ್ನತೊಡಗಿದರು. ಒಲೆ ಆರಿಸಿದೆನೋ ಇಲ್ಲವೋ ಎಂದು ಎದ್ದು ಹೋಗಿ ನೋಡಿ ಬರುತ್ತಿದ್ದರು, ಕೂತವರು ಮತ್ತೆ ಎದ್ದು ಹೋಗುತ್ತಿದ್ದರು. ಹಳೆಯ ಡ್ರೈವರುಗಳ ಜೊತೆ ಕೇರಂ ಆಡಲು ಹೋಗುವುದನ್ನೂ ಬಿಟ್ಟರು. ಇವಳು ಕೊಳದ ಮೇಲೆ ಬಿದ್ದ ಎಲೆ ಹೆಕ್ಕುವ ನೆಪದಲ್ಲಿ ಹಿತ್ತಲಿಗೆ ಹೋದರೆ, ಅವರು ಕುರ್ಚಿಯನ್ನು ಕೊಳಕ್ಕೆ ಬೆನ್ನು ಮಾಡಿ ಹಾಕಿಕೊಂಡು ಕೂತಿರುತ್ತಿದ್ದರು.

ಒಂದು ಬೆಳಗ್ಗೆ ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದವಳನ್ನು ಮಾವ ಮೆಲ್ಲಗೆ ಕರೆದರು.

"ನಿನ್ನ ಗಂಡನಿಗೆ ಹೇಳಬೇಡ. ನನ್ನನ್ನ ತಲೆ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತೀಯಾ?"

"ಯಾಕೆ ಮಾವ?"

"ಕಣ್ಣು ಮಂಜಾಗಿತ್ತು, ಒಪ್ಪಿದೆ. ಆದರೆ ಆ ಮೀನು ವಾಲ್ತಿತ್ತಮ್ಮ. ಕಾಳು ಹಾಕಿದರೆ ಸುತ್ತು ಹಾಕ್ಕೊಂಡು ಕೊನೇಗೆ ಬರ್ತಿತ್ತು. ಅದಕ್ಕೆ ಅಂತ ನಾನು ಬೇರೆ ಹಾಕ್ತಿದ್ದೆ. ಇಲ್ಲದ್ದನ್ನ ಇಷ್ಟು ಸ್ಪಷ್ಟವಾಗಿ ನೋಡಿದೀನಿ ಅಂದರೆ ಕೆಟ್ಟಿರೋದು ಕಣ್ಣಲ್ಲ."

"ಹಾಗೆಲ್ಲ ಏನಿಲ್ಲ ಮಾವ, ಸಂಜೆ ಮಾತಾಡೋಣ" ಎಂದು ಅವಳು ಓಡಿದಂತೆ ಹೊರಟುಬಿಟ್ಟಳು.

ಲಾಂಡ್ರಿಯಲ್ಲಿ ಅವತ್ತು ಅವಳ ಕೈ ಅವಳದಾಗಿರಲಿಲ್ಲ. ಯಾರದೋ ಅಂಗಿಯ ಮೇಲೆ ಇಸ್ತ್ರಿ ಇಟ್ಟು ಹಾಗೇ ನಿಂತಳು. ಸುಟ್ಟ ವಾಸನೆ ಬಂದಾಗಲೇ ಎಚ್ಚರ. ಪಕ್ಕದವಳು, "ಏನೇ ಕಲೆಗಣ್ಣಿ, ನೀನೇ ಕಲೆ ಮಾಡಿದೆಯಲ್ಲೇ!" ಎಂದು ನಕ್ಕಳು. ಅವಳು ಏಪ್ರನ್ ಬಿಚ್ಚಿ, ಮೇಲ್ವಿಚಾರಕನಿಗೆ ತಲೆನೋವೆಂದು ಹೇಳಿ ಮನೆಗೆ ಬಂದಳು.

ಮಾವ ಅಡುಗೆಮನೆಯ ಮೇಜಿನ ಮುಂದೆ ಒಬ್ಬರೇ ಕೂತು ತಣ್ಣಗಾದ ಚಹಾ ಕುಡಿಯುತ್ತಿದ್ದರು. ಅವಳು ಕೂರಲಿಲ್ಲ. ನಿಂತೇ ಹೇಳಿದಳು. ಬ್ಲೀಚಿಂಗ್ ಪುಡಿ, ಸ್ಪಂಜು, ನಲ್ಲಿ ನೀರು, ಅಂಗಡಿ. ಕೊಳದ ಹತ್ತಿರ ನಿಂತು "ಇರಬೇಕು ಮಾವ" ಅಂದದ್ದೂ ಸುಳ್ಳೇ ಎಂದಳು.

"ಅಂದರೆ ನನ್ನ ತಲೆಗೆ ಏನೂ ಆಗಿಲ್ಲ?"

"ಇಲ್ಲ ಮಾವ. ನೀವು ಕಂಡದ್ದೆಲ್ಲ ಸರಿ."

ಅವರು ಕಣ್ಣು ಮುಚ್ಚಿ ದೊಡ್ಡ ಉಸಿರು ಬಿಟ್ಟರು. ಆಮೇಲೆ ಕೇಳಿದರು, "ಪೇಷಂಟು ಯಾವಾಗ ಹೋಯ್ತು?"

"ಮೊದಲು ಹೋಗಿದ್ದು ಅದೇ."

"ಹೂಂ. ಅದಕ್ಕೆ ತ್ರಾಣವಿರಲಿಲ್ಲ." ಲೋಟ ಕೆಳಗಿಟ್ಟರು. "ಮೀನು ಸತ್ತದ್ದಕ್ಕೆ ನಿನ್ನ ಬೈಯಲ್ಲಮ್ಮ. ಗೊತ್ತಿಲ್ಲದೆ ಆಯ್ತು. ಆದರೆ ನಾನು ಹುಚ್ಚನಾದೆನೇನೋ ಅಂತ ಒದ್ದಾಡ್ತಿದ್ದಾಗ ನೀವಿಬ್ಬರೂ ಎದುರಿಗೇ ಇದ್ದಿರಲ್ಲ. ನಿನಗೆ ಗೊತ್ತಿತ್ತಲ್ಲ."

ಸಂಜೆ ಮಗನೂ ಅಪ್ಪನಿಂದ ಮಾತು ಕೇಳಬೇಕಾಯಿತು, ಅದೇನು ಸಣ್ಣ ಮಾತಲ್ಲ. ಆಮೇಲೆ ಮಾವ ತಟ್ಟೆ ತಮ್ಮ ಕೋಣೆಗೇ ತೆಗೆದುಕೊಂಡು ಹೋಗಿ ಊಟ ಮಾಡತೊಡಗಿದರು. ಸೊಸೆ ಬಡಿಸಿದರೆ ಬೇಡವೆನ್ನುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತಳು.

ಈ ನಡುವೆ ಹೊಸ ಡಾಕ್ಟರೂ ಸತ್ತಿತು. ಅವಳು ಅದನ್ನು ಬಚ್ಚಿಡಲಿಲ್ಲ. ನೇರವಾಗಿ ಮಾವನ ಬಾಗಿಲಿಗೆ ಹೋಗಿ, "ಮಾವ, ಇನ್ನೊಂದು ಹೋಯ್ತು" ಎಂದಳು. ಅವರು ಎದ್ದು ಬಂದರು. ಮಬ್ಬು ನೀರಲ್ಲಿ ಉಳಿದೆರಡು ಮೀನು ಬಾಯಿ ಬಿಡುತ್ತಿದ್ದವು.

"ಇವುಗಳ ತಪ್ಪೇನು ಇದರಲ್ಲಿ?" ಎಂದರು, ಅವಳಿಗೋ ತಮಗೋ. "ಆ ಅಂಗಡಿಯವಳು ಏನು ಮಾಡು ಅಂದಳು? ಸರಿಯಾಗಿ ಹೇಳು."

ಇಬ್ಬರೂ ಅಂಗಡಿಗೆ ಹೋಗಿ ಕೇಳಿಕೊಂಡು ಬಂದರು. ಆ ಹೆಂಗಸು ತನ್ನ ತೊಟ್ಟಿಯ ಹಳೆಯ, ಕೊಳೆ ಹಿಡಿದ ಸ್ಪಂಜಿನ ಒಂದು ತುಂಡನ್ನು ಚೀಲದಲ್ಲಿ ನೀರು ತುಂಬಿ ಕೊಟ್ಟಳು. ಮಾವ ಹಳೆಯ ಪ್ಲಾಸ್ಟಿಕ್ ಡ್ರಮ್ಮನ್ನು ಅಡ್ಡಕ್ಕೆ ಕೊಯ್ದು ಕೊಳದ ಅಂಚಿನಲ್ಲಿ ಇಟ್ಟಿಗೆಯ ಮೇಲೆ ಕೂರಿಸಿದರು. ಅವಳು ಜಲ್ಲಿಯನ್ನು ಬರೀ ನೀರಲ್ಲಿ ತೊಳೆದು ಹೊತ್ತು ತಂದಳು. ತಳಕ್ಕೆ ದಪ್ಪ ಜಲ್ಲಿ, ನಡುವೆ ಆ ಸ್ಪಂಜಿನ ತುಂಡು, ಮೇಲೆ ಸಣ್ಣ ಜಲ್ಲಿ, ಅದರಲ್ಲಿ ಬೇರೂರುವಂತೆ ಜೊಂಡು, ಕೆಸುವಿನ ಗಿಡ. ಪಂಪಿನ ನೀರು ಡ್ರಮ್ಮಿನ ತಳಕ್ಕೆ ಹೋಗಿ, ಜಲ್ಲಿ ಬೇರುಗಳ ನಡುವೆ ನಿಧಾನವಾಗಿ ಮೇಲೇರಿ, ಅಂಚಿನಿಂದ ತೆಳ್ಳಗೆ ಕೊಳಕ್ಕೆ ಬೀಳುವಂತೆ ಗಂಡ ಪೈಪು ಜೋಡಿಸಿದ. ಅರ್ಧ ಕೊಳಕ್ಕೆ ನೆರಳು ಪರದೆ ಕಟ್ಟಿದರು. ಕಾಳು ಕಡಿಮೆ ಮಾಡಿದರು. ಆವಿಯಾದಷ್ಟು ತುಂಬಲು ನಲ್ಲಿ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಬಿಸಿಲಿಗಿಟ್ಟು, ಆಮೇಲೆ ಹಾಕುವುದು.

ಅದಾದ ಮೇಲಿನ ಕೆಲಸವೇ ಅವಳಿಗೆ ಕಷ್ಟವಾದದ್ದು: ಮುಟ್ಟದಿರುವುದು. ಮಬ್ಬು ಇಳಿಯಿತು, ಹಸಿರಾಯಿತು. ಗೋಡೆಗೆ ಮತ್ತೆ ಪಾಚಿ ಹಿಡಿಯಿತು. ಅವಳು ಕೈಕಟ್ಟಿಕೊಂಡು ನಿಲ್ಲುತ್ತಿದ್ದಳು. ಜೊಂಡು ಚಿಗುರಿ ಬೇರು ತುಂಬಿಕೊಂಡಂತೆ ಹಸಿರು ತಾನಾಗಿ ತೆಳುವಾಯಿತು. ಮಳೆಗಾಲ ಕಳೆಯುವ ಹೊತ್ತಿಗೆ ತಳದ ಕಲ್ಲು ಕಾಣತೊಡಗಿತು. ಎರಡು ಮೀನೂ ಚುರುಕಾಗಿ ಓಡಾಡಿಕೊಂಡಿದ್ದವು. ಮಾವನ ತಟ್ಟೆಯೂ, ಯಾವತ್ತು ಎಂದು ಯಾರೂ ಗಮನಿಸದ ಒಂದು ದಿನ, ಮೇಜಿಗೆ ವಾಪಸು ಬಂತು.

ಪಕ್ಕದ ಮನೆಯ ಟೀಚರು ಒಮ್ಮೆ ಕಾಂಪೌಂಡಿನ ಮೇಲಿಂದ ಬಗ್ಗಿ, "ಎಷ್ಟು ತಿಳಿಯಾಗಿದೆ ನಿಮ್ಮ ನೀರು! ಯಾರು ಮಾಡಿದ್ದು?" ಎಂದು ಕೇಳಿದರು.

"ನಮ್ಮ ಸೊಸೆ" ಎಂದರು ಮಾವ.

ಬಟ್ಟೆ ಹಿಂಡುತ್ತಿದ್ದ ಅವಳ ಮುಖ ಕೆಂಪಾಯಿತು. ಆ ಹೊಗಳಿಕೆಯನ್ನು ಇಟ್ಟುಕೊಳ್ಳಲು ಅವಳಿಂದ ಆಗಲಿಲ್ಲ. "ಇದಕ್ಕೂ ಮೊದಲು ಇನ್ನೂ ತಿಳಿಯಾಗಿ ಮಾಡಿದ್ದೆ ಟೀಚರ್. ಅದರಲ್ಲಿ ಮಾವನ ಮೂರು ಮೀನು ಸತ್ತವು. ಅವರಿಗೆ ಹೇಳದೆ ಬೇರೆ ತಂದು ಬಿಟ್ಟಿದ್ದೆ."

ಟೀಚರು ಮಾವನ ಕಡೆ ನೋಡಿದರು. ಮಾವ ಹೌದೆನ್ನಲಿಲ್ಲ, ಹೋಗಲಿ ಬಿಡಮ್ಮ ಅನ್ನಲೂ ಇಲ್ಲ. ತಮ್ಮ ಕುರ್ಚಿಯನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ, ನೆರಳಿನಲ್ಲಿ ಅವಳ ಮಣೆಗೆ ಜಾಗ ಮಾಡಿದರು. ಅವಳು ಹಿಂಡಿದ ಬಟ್ಟೆಯನ್ನು ಬಕೆಟ್ಟಿನಲ್ಲೇ ಬಿಟ್ಟು ಹೋಗಿ ಕೂತಳು.