ಸುಣ್ಣ, ಸುನ್ನಾ

ನಮ್ಮ ಮಾಳಿಗೆ ತಂಪಾಗಿದ್ದು ಸರ್ಕಾರದ ಸ್ಕೀಮಿನಿಂದಲ್ಲ. ಸ್ಕೀಮು ಎಂಬುದೇ ನಾನು ಕಟ್ಟಿದ ಸುಳ್ಳು. ದುಡ್ಡು ನನ್ನ ಹೆಂಡತಿ ಹನುಮಕ್ಕನದು, ಯೋಚನೆಯೂ ಅವಳದೇ — ಎರಡನ್ನೂ ನಾನು ಒಂದೇ ಮಾತಿನಲ್ಲಿ ನುಂಗಿ ನೀರು ಕುಡಿದೆ. ಇಷ್ಟು ವರ್ಷ ಅರಗಿಸಿಕೊಂಡೂ ಇದ್ದೆ.

ಆ ಮನೆಯ ಬಗ್ಗೆ ಹೇಳುವಾಗ ಈಗಲೂ ಎದೆ ಉಬ್ಬುತ್ತದೆ, ಅದನ್ನೇಕೆ ಮುಚ್ಚಿಡಲಿ? ಆಂಧ್ರದ ಗಡಿಯೊಳಗಿನ ನಮ್ಮ ರಾಯದುರ್ಗದ ಬೆಟ್ಟದ ಬಂಡೆಗಳು ಹಗಲೆಲ್ಲ ಕಾದು, ಹೊತ್ತು ಮುಳುಗಿದ ಮೇಲೆ ಆ ಕಾವನ್ನು ನಮ್ಮ ಮೇಲೆ ಬಿಡುತ್ತವೆ. ಆ ಬೆಟ್ಟದ ಬುಡದಲ್ಲೇ ನಮ್ಮ ಮನೆ. ಮನೆಯೊಳಗೇ ಜೀನ್ಸ್ ಪ್ಯಾಂಟು ಹೊಲಿಯುವ ಮಿಷನ್ನುಗಳು. ಬೇಸಿಗೆ ಬಂತೆಂದರೆ ಮಧ್ಯಾಹ್ನದ ಕೆಲಸ ಬಂದ್. ಬೆವರಿದ ಕೈಯಲ್ಲಿ ಬಟ್ಟೆ ನಿಲ್ಲುತ್ತಲೇ ಇರಲಿಲ್ಲ. ಈಗ ಸುಡುಬಿಸಿಲಲ್ಲೂ ಮಿಷನ್ನುಗಳು ಓಡುತ್ತವೆ, ಫ್ಯಾನು ಮೆಲ್ಲಗೆ ತಿರುಗುತ್ತದೆ, ಕರೆಂಟ್ ಬಿಲ್ಲು ನೋಡಿದವರು ಮೀಟರ್ ಕೆಟ್ಟಿದೆಯೇನೋ ಎನ್ನಬೇಕು. ಬಂದವರು ಹೊಸಿಲು ದಾಟಿದ ಕೂಡಲೇ "ಅಬ್ಬಾ!" ಎನ್ನುತ್ತಾರೆ. ಆ "ಅಬ್ಬಾ" ಕೇಳಿ ಮೀಸೆ ತಿರುವುತ್ತಿದ್ದವನು ನಾನು.

ನನ್ನ ತಲೆಯಲ್ಲಿದ್ದದ್ದು ಏಸಿ. ಕಂತಿನ ಮೇಲೆ ಏಸಿ ತಂದು, ಅದರ ಪೆಟ್ಟಿಗೆಯನ್ನು ಬೀದಿಗೆ ಕಾಣುವಂತೆ ಗೋಡೆಗೆ ನೇತುಹಾಕುವ ಹುಮ್ಮಸ್ಸು. ಹನುಮಕ್ಕ ಮಡಕಶಿರಾ ಕಡೆಯವಳು, ಅಮರಾಪುರದ ಕುರಿ ಸಾಕುವ ಮನೆಯ ಮಗಳು. ಅವಳ ನಾಲಿಗೆಯೂ ಆ ಕಡೆಯದೇ.

"ಮಾಳ್ಗೆ ಕಾದ್ ಹೆಂಚಾಗೈತೆ. ಅದ್ರ ಕೆಳ್ಗೆ ಏಸಿ ಇಕ್ಕಿದ್ರೆ ಯಾರ್ಗ್ರೀ ತಂಪು? ಕರೆಂಟ್ನೋರ್ಗಾ?"

ಆ ಬೇಸಿಗೆಯಿಡೀ ಅವಳು ಮಧ್ಯಾಹ್ನದ ಹೊತ್ತು ಒಂದೊಂದೇ ಗೋಡೆಗೆ ಅಂಗೈ ಇಟ್ಟು ನೋಡಿದಳು. ಏನು ಹುಚ್ಚೋ ಎಂದು ನಾನು ನಕ್ಕೆ. ಕೊನೆಗೆ ಅವಳೇ ಹೇಳಿದಳು — ಮೊದಲು ಮಾಳಿಗೆಯ ಮೇಲೆ ಗಡಿಗೆಗಳನ್ನು ಬೋರಲು ಹಾಕಿ, ನಡುವೆ ಸುಣ್ಣ, ಇಟ್ಟಿಗೆ ಚೂರು ತುಂಬಿ, ಮೇಲೆ ಬಿಳಿ ಹೆಂಚು ಹಾಸಬೇಕು. ಆಮೇಲೆ ಸೆಕೆ ಹೊರಗೆ ಹೋಗಲು ಗೋಡೆಯ ಮೇಲ್ಗಡೆ ಕಿಂಡಿ, ಪಡುವಣ ಗೋಡೆಗೆ ನೆರಳು. ಕಮ್ಮಿ ಕರೆಂಟು ತಿನ್ನುವ ಫ್ಯಾನು ಎಲ್ಲಕ್ಕಿಂತ ಕೊನೆಗೆ. ಮನೆ ತಂಪಾದ ಮೇಲೆ ಎಷ್ಟು ಫ್ಯಾನು ಬೇಕೆಂದು ಆಗ ನೋಡಿದರಾಯಿತು.

ದುಡ್ಡು? ಮದುವೆಯಲ್ಲಿ ಅವಳಪ್ಪ ಕೊಟ್ಟ ಕುರಿಗಳು ತವರಿನ ಹಿಂಡಿನಲ್ಲೇ ಬೆಳೆದು ಮರಿ ಹಾಕುತ್ತಿದ್ದವು. ತವರಿಗೆ ಹೋದರೆ ಕಾಲಿಗೆ ನೀರು ಕೂಡ ಹಾಕಿಕೊಳ್ಳದೆ ಮೊದಲು ಅವುಗಳನ್ನು ಮಾತಾಡಿಸಿ ಬರುವಳು. ಅಷ್ಟನ್ನೂ ಮಾರಿಸಿದಳು. ಹಣವನ್ನು ನನ್ನ ಕೈಗಿಟ್ಟಾಗ ನಾನು — ಒಂದು ಒಳ್ಳೆಯ ಮಾತಾದರೂ ಆಡಿದೆನೇ? ನೆನಪಿಲ್ಲ. ಆಡಿದ್ದರೆ ನೆನಪಿರುತ್ತಿತ್ತು.

ಕೆಲಸ ಮುಗಿದ ಮೇಲೆ ನಮ್ಮಣ್ಣ ನೋಡಲು ಬಂದ. ನನ್ನಿಂದ ಪ್ಯಾಂಟು ಕೊಳ್ಳುವ ತೆಲುಗು ವ್ಯಾಪಾರಿಯೂ ಜೊತೆಗಿದ್ದರು. ಅವರು ಮೇಲೆ ನೋಡುತ್ತ, ಎಷ್ಟಾಯಿತೆಂದು ತೆಲುಗಿನಲ್ಲೇ ಕೇಳಿದರು: "ಎಂತಯಿಂದಿ?" ಹೆಂಡತಿಯ ಕುರಿ ಮಾರಿ ತಂಪಾಗಿ ಮಲಗಿದ್ದಾನೆ ಎಂದು ಅಣ್ಣ ಊರೆಲ್ಲ ಹೇಳಿಯಾನು ಎನಿಸಿತು. ಬಾಯಿಂದ ತೆಲುಗೇ ಹೊರಟಿತು —

"ಸುನ್ನಾ."

ಅಂದರೆ ಸೊನ್ನೆ. ಒಂದು ಪೈಸೆಯೂ ಇಲ್ಲ. ಒಳಗಿನಿಂದ ಚಹಾ ತರುತ್ತಿದ್ದ ಹನುಮಕ್ಕ, "ಬರೀ ಸುಣ್ಣ ಅಲ್ಲ ಕಣ್ರೀ, ಗಡ್ಗೆನೂ ಐತೆ!" ಎಂದಳು. ಎಲ್ಲರೂ ನಕ್ಕರು. ಅವಳಿಗೆ ಕನ್ನಡದ ಸುಣ್ಣ ಕೇಳಿಸಿದೆ ಎಂದುಕೊಂಡು, ಬಚಾವಾದೆ ಎಂದುಕೊಂಡು, ನಾನೂ ನಕ್ಕೆ. ಅವಳು ಒಳಗೆ ಹೋದ ಮೇಲೆ ಅಣ್ಣನ ಕಿವಿಯ ಬಳಿ ಸ್ಕೀಮಿನ ಕತೆ ಕಟ್ಟಿದೆ.

ಈ ವರ್ಷ ಅಣ್ಣನಿಗೂ ಅಂಥದೇ ಮಾಳಿಗೆ ಬೇಕಾಯಿತು. ಇಲ್ಲದ ಸ್ಕೀಮನ್ನು ಹುಡುಕಿಕೊಂಡು ಬಿಸಿಲಲ್ಲಿ ಆಫೀಸು ಆಫೀಸು ತಿರುಗಿದ. "ಎಲ್ಲೈತೋ ತಮ್ಮಾ ನಿನ್ನ ಸ್ಕೀಮು? ಅಡ್ಡಾಡಿ ಅಡ್ಡಾಡಿ ಚಪ್ಪಲಿ ಸವದ್ವು. ಯಾರನ್ನ ಕೇಳಿದ್ರೂ ನನ್ನ ಮುಖಾನ ನೋಡ್ತಾರ." ಬಂದ್ ಆಗಿರಬೇಕು ಎಂದು ತಲೆ ತಗ್ಗಿಸಿ ಹೊಲಿಯತೊಡಗಿದೆ.

ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಹನುಮಕ್ಕ, ಅಣ್ಣನ ಮನೆಗೆ ಗಡಿಗೆ ಬೇಕಾಗುತ್ತವೆಂದು, ಗಾರೆ ಕೆಲಸದವನಿಗೆ ಫೋನಿನಲ್ಲಿ ಕುಂಬಾರರ ನಂಬರು ಹೇಳುತ್ತಿದ್ದಳು. ತೆಲುಗಿನಲ್ಲಿ. "ತೊಮ್ಮಿದಿ, ಸುನ್ನಾ, ಸುನ್ನಾ..." ಒಂಬತ್ತು, ಸೊನ್ನೆ, ಸೊನ್ನೆ — ಸ್ಪಷ್ಟವಾಗಿ, ನಿಧಾನವಾಗಿ. ನನ್ನ ಕಾಲು ಮಿಷನ್ನಿನ ಮೇಲೆ ನಿಂತುಹೋಯಿತು. ಸಂತೆಯಲ್ಲಿ ತೆಲುಗರ ಜೊತೆ ಕುರಿ ಚೌಕಾಸಿ ಮಾಡಿ ಬೆಳೆದವಳಿಗೆ ಸುನ್ನಾ ಯಾವುದು, ಸುಣ್ಣ ಯಾವುದು ಗೊತ್ತಾಗದೇ? ಅಂದು ಅವಳಿಗೆ ಸರಿಯಾಗಿಯೇ ಕೇಳಿಸಿತ್ತು. ಬಂದವರ ಮುಂದೆ ನನ್ನ ಮಾನ ಉಳಿಸಲು ತನ್ನ ಕುರಿಗಳನ್ನೆಲ್ಲ ಒಂದು ತಮಾಷೆಯಲ್ಲಿ ಮುಚ್ಚಿಟ್ಟು, ಇಷ್ಟು ವರ್ಷ ನನ್ನೆದುರೇ ಓಡಾಡಿಕೊಂಡು — ಹೇಗಿದ್ದಳೋ. ಕೇಳುವ ಮುಖ ನನಗಿರಲಿಲ್ಲ.

ಮೊನ್ನೆ ಭಾನುವಾರ ಅಣ್ಣ ಮತ್ತೆ ಬಂದ. ಅವನನ್ನು ಕೂರಿಸಿ, ಅವಳನ್ನೂ ಕರೆದು ಹೇಳಿದೆ: "ಅಣ್ಣಾ, ಸ್ಕೀಮು ಇಲ್ಲ. ಎಂದೂ ಇದ್ದಿಲ್ಲ. ಎಲ್ಲಾ ಈಕಿ ಕುರಿ ಮಾರಿದ ರೊಕ್ಕ. ಹಿಂಗ ಮಾಡಸ್ಬೇಕಂತ ಹೇಳಿದಾಕಿನೂ ಈಕೀನ. ಅದರಾಗ ನಂದು ಸುನ್ನಾ."

"ಹೌದೇನವ್ವಾ?" ಎಂದು ಅಣ್ಣ ಅವಳತ್ತ ತಿರುಗಿದ.

ಈ ಸಲ ಅವಳು ತಮಾಷೆ ಮಾಡಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಸೆರಗಿಗೆ ಕೈ ಒರೆಸಿಕೊಂಡು, "ಬನ್ನಿ ಭಾವ, ಮ್ಯಾಲೋಗಿ ತೋರುಸ್ತೀನಿ" ಎಂದು ಮೆಟ್ಟಿಲು ಹತ್ತಿದಳು. ಅಣ್ಣ ಅವಳ ಹಿಂದೆ ಹೋದ.

ನಾನು ಕೆಳಗೇ ಉಳಿದೆ. ಅವಳು ಅಲ್ಲಿ ಏನೇನು ಹೇಳುತ್ತಿದ್ದಾಳೆಂದು ಕೇಳುವ ಆಸೆಯಿಂದ ಕತ್ತೆತ್ತಿ ಕೂತೆ. ಒಂದು ಮಾತೂ ಕೆಳಗಿಳಿಯಲಿಲ್ಲ. ಮಾಳಿಗೆಯನ್ನು ಅಷ್ಟು ದಪ್ಪಗೆ ಮಾಡಿಸಿದ್ದಾಳೆ.